ಟ್ಯಾಂಕರ್ ಓಡಿಸುವ ಕಂಪೆನಿ ತರಬೇತಿಗೂ ಕೊಡಲಿ
(ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣ)



2013ರ ಎಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಪಲ್ಟಿಯಾದದ್ದು ನಿಮಗೆ ನೆನಪಿರಬಹುದು. ಸೋರಿದ ಗ್ಯಾಸ್ ರಸ್ತೆ ಬದಿಯ ಮನೆಗಳವರೆಗೆ ಹರಡಿ ಬೆಂಕಿ ಹತ್ತಿತು. ಮನೆಯಲ್ಲಿದ್ದವರ ಜೀವವೂ ಹೋಯಿತು. ಪರದೇಶದಲ್ಲಿದ್ದ ನಮಗೆ ಊರಿಗೆ ಫೋನ್ ಮಾಡುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಸರಿಯಾಗಿ ಎಂಟು ದಿನ ಕಳೆದು, ಅಮೆರಿಕದ ಟೆಕ್ಸಾಸ್‌ನ ವೆಸ್ಟ್ ಎಂಬ ಸಣ್ಣ ಊರಲ್ಲಿ ಗೊಬ್ಬರದ ಗೋದಾಮು ಸ್ಫೋಟಿಸಿತು. ಸತ್ತದ್ದು 15 ಮಂದಿ. ಅವರಲ್ಲಿ ಹೆಚ್ಚಿನವರು ಬೆಂಕಿ ನಂದಿಸಲು ಓಡಿ ಬಂದವರು. ಅಲ್ಲಿದ್ದ ಅಮೋನಿಯಂ ನೈಟ್ರೇಟ್ ಬೆಂಕಿಯಲ್ಲಿ ಹೇಗೆ ವರ್ತಿಸುತ್ತದೆ ಅಂತ ಅವರಿಗೆ ಸಾಕಷ್ಟು ತರಬೇತಿ ಇರಲಿಲ್ಲ. ಧೈರ್ಯಕ್ಕೇನೂ ಕಡಿಮೆ ಇರಲಿಲ್ಲ.

ಈಗ ಷಿಕಾಗೋ, ಡೆಟ್ರಾಯಿಟ್ ಕಡೆಗೆ ನೋಡಿ. ಅಮೆರಿಕದ ಗೂಡ್ಸ್ ರೈಲುಗಳಲ್ಲಿ ಸುಮಾರು ಕಾಲು ಭಾಗ ಷಿಕಾಗೋ ಮೂಲಕ ಹೋಗುತ್ತದೆ. ಕ್ಲೋರಿನ್, ಅಮೋನಿಯಾ, ಎಥೆನಾಲ್ ಎಲ್ಲ ಅದರಲ್ಲೇ. ಡೆಟ್ರಾಯಿಟ್‌ನಲ್ಲಿ ತೈಲ ಸಂಸ್ಕರಣಾಗಾರವಿದೆ, ಪಕ್ಕದಲ್ಲೇ ಕೆನಡಾ ಗಡಿ. ಅಂಬಾಸಡರ್ ಸೇತುವೆಯಲ್ಲಿ ಅಪಾಯಕಾರಿ ಸರಕಿಗೆ ನಿರ್ಬಂಧ ಇದ್ದುದರಿಂದ, ಅಂಥ ಲಾರಿಗಳು 1990ರಿಂದ 2023ರವರೆಗೆ ನದಿಯನ್ನು ದಾಟಿದ್ದು ಫೆರ್ರಿಯಲ್ಲಿ!

ಇಂಥ ಊರಿನ ಅಗ್ನಿಶಾಮಕ ದಳಕ್ಕೆ ನೀರು ಹಾಯಿಸಲು ಗೊತ್ತಿದ್ದರೆ ಸಾಲದು. ಸೋರಿಕೆಯನ್ನು ದೂರದಿಂದ ತಡೆಯುವವನಿಗೆ ಕಡಿಮೆ ಅಂದರೂ 8 ಗಂಟೆ, ಹತ್ತಿರ ಹೋಗಿ ವಾಲ್ವ್ ಮುಚ್ಚುವವನಿಗೆ 24 ಗಂಟೆ ತರಬೇತಿ ಬೇಕೆಂದು ಅಲ್ಲಿಯ ಕಾನೂನು ಹೇಳುತ್ತದೆ. ಆದರೆ ಹತ್ತು ಜನ ಕ್ಲಾಸಿಗೆ ಹೋದರೆ ಅವರ ಡ್ಯೂಟಿಗೆ ಬೇರೆ ಹತ್ತು ಜನ ಬೇಕು, ಓವರ್‌ಟೈಮ್ ಕೊಡಬೇಕು. ನಿಜವಾದ ಖರ್ಚು ಅಲ್ಲಿದೆ. ಡೆಟ್ರಾಯಿಟ್ ನಗರವೇ 2013ರ ಜುಲೈಯಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಕೈಯಲ್ಲಿ ದುಡ್ಡಿಲ್ಲದ ನಗರ ಮೊದಲು ಕಡಿತ ಮಾಡುವುದು ಕಣ್ಣಿಗೆ ಕಾಣದ ಇಂಥ ಖರ್ಚನ್ನೇ.

ಇದಕ್ಕೆ ಅವರು ಕಂಡ ದಾರಿ ನೋಡಿ. 1984ರಲ್ಲಿ ನಮ್ಮ ಭೋಪಾಲದಲ್ಲಿ ಸಾವಿರಾರು ಜನ ಸತ್ತ ನಂತರ, 1986ರಲ್ಲಿ ಅಮೆರಿಕ ಒಂದು ಕಾನೂನು ತಂದಿತು: ಕಾರ್ಖಾನೆಯಲ್ಲಿ ಏನಿದೆ ಎಂದು ಊರವರಿಗೂ ಅಗ್ನಿಶಾಮಕ ದಳಕ್ಕೂ ತಿಳಿಸಬೇಕು. 1990ರಲ್ಲಿ ಇನ್ನೊಂದು: ಅಪಾಯಕಾರಿ ಸರಕು ಕಳಿಸುವ, ಸಾಗಿಸುವ ಕಂಪೆನಿಗಳು ವರ್ಷಕ್ಕೊಮ್ಮೆ ನೋಂದಣಿ ಶುಲ್ಕ ಕಟ್ಟಬೇಕು. ಆ ದುಡ್ಡು ರಾಜ್ಯಗಳ ಮೂಲಕ ತರಬೇತಿಗೆ ಹೋಗುತ್ತದೆ. ಇದಲ್ಲದೆ 2001ರಿಂದ ಕೇಂದ್ರ ಸರಕಾರದ ಬೇರೊಂದು ಅನುದಾನವೂ ಇದೆ. ಅದರಲ್ಲಿ ಹತ್ತು ಲಕ್ಷ ಮೀರಿದ ಷಿಕಾಗೋದಂಥ ನಗರ ಶೇ. 15, ಡೆಟ್ರಾಯಿಟ್‌ನಂಥದ್ದು ಶೇ. 10 ಪಾಲು ತಾನೇ ಹಾಕಬೇಕು.

ಇದು ಸಾಕು ಅಂತ ನಾನು ಹೇಳುವುದಿಲ್ಲ. ಆದರೆ ತತ್ವ ನ್ಯಾಯದ್ದು: ಅಪಾಯದಿಂದ ಲಾಭ ಪಡೆಯುವವರು ರಕ್ಷಣೆಗೂ ಕೊಡಬೇಕು. ಡ್ರೈವರಲ್ಲ, ಅವನು ನಮ್ಮ ಮನೆಯ ಹುಡುಗನೇ ಇರಬಹುದು. ಕಂಪೆನಿ ಕೊಡಬೇಕು. ಮಂಗಳೂರಿಂದ ಶಿರಾಡಿ ಘಾಟಿ ಹತ್ತುವ ಪ್ರತಿ ಟ್ಯಾಂಕರಿನ ಲೆಕ್ಕದಲ್ಲಿ ಬಂಟ್ವಾಳ, ಪುತ್ತೂರಿನ ಅಗ್ನಿಶಾಮಕ ಠಾಣೆಗಳಿಗೆ ಒಂದು ಪಾಲು ಸಿಗಲಿ ಅಂತ ನಾವು ಯಾಕೆ ಕೇಳಬಾರದು? ನಮ್ಮ ಶಾಸಕರಿಗೆ, ಸಂಸದರಿಗೆ ಸಂಘದ ಹೆಸರಲ್ಲಿ ಒಂದು ಮನವಿ ಕೊಡೋಣ.

ಅಷ್ಟರವರೆಗೆ ಮನೆಯವರಿಗೆ ಇಷ್ಟು ಹೇಳಿಡಿ. ಟ್ಯಾಂಕರಿನ ಮೇಲೆ ನಾಲ್ಕಂಕಿಯ ನಂಬರ್ ಇರುತ್ತದೆ: 1075 ಅಡುಗೆ ಗ್ಯಾಸ್, 1203 ಪೆಟ್ರೋಲ್, 1005 ಅಮೋನಿಯಾ. ದೂರದಿಂದ ಕಂಡರೆ 112ಕ್ಕೆ ಫೋನ್ ಮಾಡಿ ಆ ನಂಬರ್ ಹೇಳಿ. ಅದನ್ನು ಓದಲು ಹತ್ತಿರ ಹೋಗಬೇಡಿ, ವಿಡಿಯೋ ಮಾಡಲು ನಿಲ್ಲಬೇಡಿ. ಅಡುಗೆ ಗ್ಯಾಸ್ ತಗ್ಗಿಗೆ ಹರಿಯುತ್ತದೆ, ಹಾಗಾಗಿ ಗಾಳಿ ಬರುವ ದಿಕ್ಕಿಗೆ, ಎತ್ತರದ ಜಾಗಕ್ಕೆ ಹೋಗಿ. ಒಲೆ, ಬೀಡಿ, ಸ್ಕೂಟರ್ ಯಾವುದೂ ಬೇಡ.

ಬೆಂಕಿಗೆ ಎದುರಾಗಿ ನಿಲ್ಲುವವರನ್ನೂ ಅವರಿಗಾಗಿ ಕಾಯುವ ಮನೆಯವರನ್ನೂ ಅಲ್ಲಾಹನು ಕಾಪಾಡಲಿ, ಆಮೀನ್. ವಸ್ಸಲಾಮ್.