ಬೆತ್ತವೂ ಸೀಮೆಸುಣ್ಣವೂ



ಆನಂದಪುರದ ನಮ್ಮ ಮನೆಯಂಗಳದಲ್ಲಿ ಕಳೆದ ಮಳೆಗಾಲ ಮುಗಿಯುತ್ತಲೇ ಹೊಸದೊಂದು ಪಾಠಶಾಲೆ ತೆರೆಯಿತು. ವಿದ್ಯಾರ್ಥಿ ನನ್ನ ತಂಗಿಯ ಮಗ. ಗುರುಗಳು ಫಿಲಿಪ್ಪೀನ್ಸ್ ದೇಶದವರು. ತುಳಸಿಕಟ್ಟೆಗೆ ಒರಗಿಸಿಟ್ಟ ಮೊಬೈಲಿನೊಳಗೇ ನಿಂತು ಪಾಠ ಹೇಳುತ್ತಿದ್ದರು. ಹುಡುಗನ ಎರಡು ಕೈಯಲ್ಲೂ ಬೆತ್ತ.

“ಎಂತದಾ ಇದು, ಕೋಲಾಟವಾ?” ಎಂದೆ.

“ಅಲ್ಲ ಮಾವ, ಆರ್ನಿಸ್” ಎಂದ.

ಆರ್ನಿಸ್, ಎಸ್ಕ್ರಿಮಾ, ಕಾಲಿ ಎಂದು ಈ ವಿದ್ಯೆಗೆ ಹಲವು ಹೆಸರು. ಎಸ್ಕ್ರಿಮಾ ಎಂಬುದು ಕತ್ತಿವರಸೆ ಎಂಬರ್ಥದ ಸ್ಪೇನಿನ ಮಾತಿನಿಂದ ಬಂದದ್ದು. ಸುಮಾರು 28 ಅಂಗುಲದ ಬೆತ್ತವೇ ಇದರ ಆಯುಧ. ಸೀಳಿ ಚೂಪಾಗದೆ ನಾರುನಾರಾಗುವುದು ಬೆತ್ತದ ಗುಣ. ಹೊಡೆತಗಳಿಗೆ ಅವು ಬರುವ ದಿಕ್ಕನ್ನು ನೋಡಿ ಅಂಕೆ ಕೊಡುತ್ತಾರೆ. ಕೈಯಲ್ಲಿರುವುದು ಕೋಲಾಗಲಿ, ಚೂರಿಯಾಗಲಿ, ದಿಕ್ಕು ಅದೇ. ಆದುದರಿಂದ ಕೋಲು ಕಲಿತ ಕೈಗೆ ಚೂರಿಯ ಪಾಠ ಅರ್ಧ ಬಂದಂತೆ. ಎರಡು ಕೋಲು ಹೆಣೆಯುವ ಪಾಠಕ್ಕೆ ಸಿನವಾಲಿ ಎಂದು ಹೆಸರು. ಅಲ್ಲಿ ಸವಾಲಿ ಎಂದರೆ ಬಿದಿರು ಹೆಣೆದ ತಟ್ಟಿ. ತಟ್ಟಿ ಕಟ್ಟುವ ಮಲೆನಾಡಿನವರಿಗೆ ಇದನ್ನು ವಿವರಿಸಬೇಕೆ?

ನಮಗೂ ಈ ವಿದ್ಯೆ ಹೊಸದಲ್ಲ. ದೊಣ್ಣೆವರಸೆ ನಮ್ಮಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ಹೇಳುವಾಗ ಶಸ್ತ್ರವಿನೋದಕ್ಕೂ ಮಲ್ಲವಿನೋದಕ್ಕೂ ಸ್ಥಾನ ಕೊಟ್ಟಿದ್ದಾನೆ. ವರಸೆ ಎಂದರೆ ಸಾಲು, ಕ್ರಮ. ಸಂಗೀತದ ಸರಳೆವರಸೆಯಲ್ಲಿರುವುದೂ ಅದೇ ಮಾತು.

ಹುಡುಗ ಎರಡು ತಿಂಗಳು ಗಾಳಿಗೆ ಹೊಡೆದ. ಆಮೇಲೆ ನನ್ನನ್ನು ಎದುರಿಗೆ ನಿಲ್ಲಿಸಿದ. ನಾನು ಕೊಡೆ ಹಿಡಿದು ನಿಂತೆ. ಮೊದಲನೆಯ ಹೊಡೆತವೇ ನನ್ನ ಬೆರಳ ಗೆಣ್ಣಿಗೆ ಬಿತ್ತು. ಎದುರಾಳಿ ಎಷ್ಟು ದೂರದಲ್ಲಿದ್ದಾನೆ ಎಂಬುದನ್ನು ಗಾಳಿ ಕಲಿಸಿರಲಿಲ್ಲ. ಪರದೆಯ ಗುರು ಎದುರುಮುಖವಾಗಿದ್ದುದರಿಂದ ಅವರ ಬಲವನ್ನು ಇವನು ಎಡವೆಂದು ಕಲಿತಿದ್ದ ಪಾಠಗಳೂ ಕೆಲವಿದ್ದುವು.

ಚೂರಿಯ ಸರದಿ ಬಂದಾಗ ನಾನು ಮರದ ಚೂರಿಯ ಅಂಚಿಗೆ ಸೀಮೆಸುಣ್ಣ ತಿಕ್ಕಿದೆ. ಅವನು ಚೆನ್ನಾಗಿಯೇ ತಡೆದ, ಗೆದ್ದೆನೆಂದು ನಕ್ಕ. ತೋಳು ತಿರುಗಿಸಿ ನೋಡಿದರೆ ನಾಲ್ಕು ಕಡೆ ಬಿಳಿಯ ಗೆರೆ! ಅವು ರಕ್ತವಾಗಿದ್ದರೆ? ಹುಡುಗನ ಮುಖ ಸಣ್ಣದಾಯಿತು.

“ನೋಡಿದೆಯಾ, ಏಕಲವ್ಯನ ಮಣ್ಣಿನ ದ್ರೋಣನಿಗೆ ಶಿಷ್ಯನ ತಪ್ಪು ಕಾಣುತ್ತಿರಲಿಲ್ಲ. ಕಣ್ಣಿರುವ ಗುರು ಎದುರಿಗಿರಬೇಕು” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಆದರೆ ಮಾವ, ವಿಡಿಯೋದವರು ಹೊಡೆಯೋದಿಲ್ಲ. ಎಷ್ಟು ಸಲ ಕೇಳಿದರೂ ಮೊದಲಿಂದ ತೋರಿಸ್ತಾರೆ” ಎಂದ.

ನನಗೆ ಉತ್ತರ ಹೊಳೆಯಲಿಲ್ಲ. ನಾನು ಮೇಷ್ಟ್ರಾದ ಮೊದಲ ವರ್ಷಗಳಲ್ಲಿ, ಹಲಗೆಯ ಮೇಲಿನ ಪದ್ಯವನ್ನು ತಪ್ಪುತಪ್ಪಾಗಿ ಬರೆದುಕೊಂಡನೆಂದು ಒಬ್ಬ ಹುಡುಗನಿಗೆ ಬೆತ್ತದಿಂದ ಹೊಡೆದಿದ್ದೆ. ಮರುವಾರದಿಂದ ಅವನು ಶಾಲೆಗೆ ಬರಲಿಲ್ಲ. ದೂರದ ಅಕ್ಷರ ಅವನ ಕಣ್ಣಿಗೆ ಕಾಣುತ್ತಿರಲಿಲ್ಲವೆಂದು ಅನಂತರ ಅವನ ತಾಯಿಯಿಂದ ತಿಳಿಯಿತು. ಕಣ್ಣಿದ್ದ ಗುರು ನಾನು, ಹುಡುಗನನ್ನು ನೋಡಿರಲಿಲ್ಲ.

2009ರಲ್ಲಿ ಫಿಲಿಪ್ಪೀನ್ಸ್ ಸರಕಾರ ಕಾನೂನು ಮಾಡಿ ಆರ್ನಿಸನ್ನು ರಾಷ್ಟ್ರೀಯ ಕ್ರೀಡೆಯೆಂದು ಸಾರಿತು. ಅದೇ ವರ್ಷ ನಮ್ಮ ಶಿಕ್ಷಣ ಹಕ್ಕಿನ ಕಾಯಿದೆ ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿತು. ಅಲ್ಲಿ ಬೆತ್ತಕ್ಕೆ ಮರ್ಯಾದೆ ಬಂದ ವರ್ಷವೇ ಇಲ್ಲಿ ಅದು ಮೇಷ್ಟ್ರ ಕೈ ಬಿಟ್ಟಿತು. ಎರಡೂ ಒಳ್ಳೆಯದೇ ಆಯಿತು.

ನಿಮ್ಮ ಮನೆಯಲ್ಲೂ ಇಂಥ ವಿದ್ಯಾರ್ಥಿ ಇದ್ದರೆ ಬೈದು ನಿಲ್ಲಿಸಬೇಡಿ. ಒಂದು ದಿನಕ್ಕೆ ಒಂದೇ ವರಸೆ ಸಾಕು. ಕಣ್ಣಿಗೆ ರಕ್ಷಣೆ ಇರಲಿ. ನಿಜವಾದ ಚೂರಿ ಅಡಿಗೆಮನೆಯಲ್ಲೇ ಇರಲಿ. ಚೂರಿ ಕಂಡಾಗ ಓಡಲು ದಾರಿಯಿದ್ದರೆ ಓಡುವುದೇ ಮೊದಲ ಪಾಠವೆಂದು ಹೇಳಿಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಎದುರಿಗೆ ನಿಲ್ಲಿ.

ಈಗ ನಾನು ದಿನವೂ ಸಂಜೆ ನಿಲ್ಲುತ್ತೇನೆ. ಗೆರೆ ಬಿದ್ದ ಕಡೆ ಬೆರಳಿಟ್ಟು ತೋರಿಸುತ್ತೇನೆ. ಅವನು ಒರೆಸಿಕೊಂಡು ಮೊದಲಿನಿಂದ ಶುರುಮಾಡುತ್ತಾನೆ.