ಕೆಂಡದ ಬಳಿ ಎರಡನೆಯ ಸಲ

ಈಸ್ಟರ್ ಕ್ರೈಸ್ತರ ಹಬ್ಬಗಳಲ್ಲೆಲ್ಲ ಹಿರಿಯದು. ಶಿಲುಬೆಯ ಮೇಲೆ ಪ್ರಾಣಬಿಟ್ಟ ಯೇಸುಸ್ವಾಮಿ ಮೂರನೆಯ ದಿನ ಎದ್ದುಬಂದರೆಂಬ ನಂಬಿಕೆಯೇ ಅದರ ತಿರುಳು. ಕನ್ನಡ ಸಭೆಗಳಲ್ಲಿ ಇದನ್ನು ಪುನರುತ್ಥಾನದ ಹಬ್ಬ, ಪಾಸ್ಖ ಹಬ್ಬ ಎಂದೂ ಕರೆಯುತ್ತಾರೆ. ಎಲ್ಲ ಸಭೆಗಳೂ ಒಂದೇ ಭಾನುವಾರ ಇದನ್ನು ಆಚರಿಸಬೇಕೆಂದು ಕ್ರಿ.ಶ. 325ರ ನೈಸಿಯಾ ಮಹಾಸಭೆ ನಿರ್ಣಯಿಸಿತು. ಮಾರ್ಚ್ 21ರಂದು ಅಥವಾ ಅದರ ನಂತರ ಬೀಳುವ ಹುಣ್ಣಿಮೆ ಕಳೆದ ಮೊದಲ ಭಾನುವಾರವೇ ಈಸ್ಟರ್.

ಹೈದರಾಬಾದಿನ ಅಬಿಡ್ಸ್ ಪರಿಸರಕ್ಕೂ ಈ ಹಬ್ಬಕ್ಕೂ ಹಳೆಯ ನಂಟು. ಸೇಂಟ್ ಜಾರ್ಜ್ ಚರ್ಚು, ಮೆಥೋಡಿಸ್ಟ್ ಚರ್ಚು, ಗನ್‌ಫೌಂಡ್ರಿಯ ಸೇಂಟ್ ಜೋಸೆಫ್ ಕೆಥೆಡ್ರಲ್ ಎಲ್ಲವೂ ಇಲ್ಲಿಂದ ಕಾಲ್ನಡಿಗೆಯ ದೂರದಲ್ಲಿವೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಓದಿಗೆಂದು, ನೌಕರಿಗೆಂದು ಅಲ್ಲಿಂದ ಬಂದ ಕನ್ನಡಿಗರಿಗೆ ಇದು ಪರಊರಲ್ಲ. ಪ್ರತಿ ಭಾನುವಾರ ಹಳೆಯ ಪುಸ್ತಕಗಳು ಹೊಸ ಓದುಗರನ್ನು ಕಾಯುತ್ತ ಕೂರುವ ಈ ಬೀದಿಗಳ ನಡುವೆ, ಈಸ್ಟರ್ ಕುರಿತ ಕನ್ನಡ ಪುಸ್ತಕಗಳ ಪ್ರದರ್ಶನ ತನ್ನ ಜಾಗದಲ್ಲೇ ಕೂತಿದೆ.

ಈ ಕಥೆ ಕನ್ನಡಕ್ಕೆ ಬಂದು ಬಹುಕಾಲವಾಗಿದೆ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಕೈಹಚ್ಚಿದ ಕೆಲಸದ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿತು. ನಿಘಂಟಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಯನ್ನು ಈ ನೆಲದ ಛಂದಸ್ಸಿಗೆ ಅಳವಡಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದಿದ್ದರೂ ಯೇಸುವಿನ ಕಡೆಯ ದಿನವನ್ನು ‘ಗೊಲ್ಗೊಥಾ’ ಕಾವ್ಯವಾಗಿಸಿದರು. ನೋವು ಯಾವ ಒಂದು ಮತದ ಸ್ವತ್ತೂ ಅಲ್ಲ ಎಂಬುದಕ್ಕೆ ಆ ಕೃತಿಯೇ ಸಾಕ್ಷಿ.

ಈಸ್ಟರ್ ಕಲಿಸುವ ಮೊದಲ ಪಾಠ ಕಾಯುವುದು. ಕಥೋಲಿಕ ದೇವಾಲಯಗಳಲ್ಲಿ ಪವಿತ್ರ ಗುರುವಾರ ಸಂಜೆಯ ಪೂಜೆಯಲ್ಲಿ ಮೌನವಾದ ಗಂಟೆಗಳು ಶನಿವಾರ ರಾತ್ರಿಯ ಜಾಗರಣೆಯವರೆಗೆ ಮೊಳಗುವುದಿಲ್ಲ. ಆ ರಾತ್ರಿ ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಹೊತ್ತಿಸುತ್ತಾರೆ. ಅದರಿಂದ ಪಾಸ್ಖದ ದೊಡ್ಡ ಮೇಣದಬತ್ತಿ ಉರಿಯುತ್ತದೆ. ಅದರ ಮೈಮೇಲೆ ಶಿಲುಬೆಯ ಗುರುತು, ಆ ವರ್ಷದ ನಾಲ್ಕು ಅಂಕಿಗಳು, ಐದು ಗಾಯಗಳ ನೆನಪಿಗೆ ಐದು ಧೂಪದ ಕಾಳುಗಳು. ಅದರಿಂದ ಒಬ್ಬರ ಬತ್ತಿ, ಅವರಿಂದ ಪಕ್ಕದವರ ಬತ್ತಿ ಹೊತ್ತಿಕೊಂಡು ಕತ್ತಲು ಹಿಂದೆ ಸರಿಯುತ್ತದೆ. ಶುಕ್ರವಾರದ ದುಃಖಕ್ಕೂ ಭಾನುವಾರದ ಸಂತೋಷಕ್ಕೂ ನಡುವೆ ಉತ್ತರವಿಲ್ಲದ ಒಂದು ಶನಿವಾರ ಇದೆ. ಆಸ್ಪತ್ರೆಯ ವರಾಂಡದಲ್ಲಿ ಕೂತವರಿಗೆ, ಕೆಲಸ ಕಳೆದುಕೊಂಡವರಿಗೆ ಆ ಶನಿವಾರದ ಪರಿಚಯ ಚೆನ್ನಾಗಿಯೇ ಇರುತ್ತದೆ.

ಎರಡನೆಯ ಪಾಠ ಹೆಂಗಸರು ಕಲಿಸಿದ್ದು. ಮಾರ್ಕನ ಸುವಾರ್ತೆಯ ಪ್ರಕಾರ ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ ಮೂವರೂ ಸುಗಂಧದ್ರವ್ಯ ಹಿಡಿದು ಬೆಳಗ್ಗೆ ಸಮಾಧಿಗೆ ಹೊರಟರು. ಬಾಗಿಲಿನ ಬಂಡೆ ಉರುಳಿಸುವವರು ಯಾರೆಂಬುದು ಅವರಿಗೆ ಗೊತ್ತಿರಲಿಲ್ಲ, ಆದರೂ ಹೊರಟರು. ಹೋಗಿ ನೋಡಿದಾಗ ಬಂಡೆ ಉರುಳಿತ್ತು. ಎಲ್ಲ ಅಡ್ಡಿ ನಿವಾರಣೆಯಾದ ಮೇಲೆ ಹೆಜ್ಜೆ ಇಡುತ್ತೇವೆಂದು ಮನೆಯಲ್ಲೇ ಕೂತಿದ್ದರೆ ಯೇಸು ಎದ್ದ ಸುದ್ದಿ ಮೊದಲು ಅವರಿಗೆ ಸಿಗುತ್ತಿರಲಿಲ್ಲ.

ಮೂರನೆಯದು ಗಾಯದ ಪಾಠ. ಎದ್ದುಬಂದ ಯೇಸುವಿನ ಕೈಗಳಲ್ಲಿ ಮೊಳೆಯ ಗುರುತು ಹಾಗೆಯೇ ಇತ್ತು. ಸಂಶಯಪಟ್ಟ ಶಿಷ್ಯ ತೋಮನನ್ನು ಅವರು ಗದರಿಸಿ ಕಳಿಸಲಿಲ್ಲ, ಗುರುತನ್ನೇ ಮುಂದೊಡ್ಡಿದರು. ಹೊಸ ಬದುಕೆಂದರೆ ಹಳೆಯ ಕಲೆ ಅಳಿಸಿಹೋಗುವುದಲ್ಲ, ಅದನ್ನು ಬಚ್ಚಿಡುವ ಅಗತ್ಯ ತೀರುವುದು.

ಕೊನೆಯ ಪಾಠ ಕ್ಷಮೆಯದು. ಮಹಾಯಾಜಕನ ಅಂಗಳದಲ್ಲಿ ಇದ್ದಿಲಿನ ಬೆಂಕಿಯ ಬಳಿ ಚಳಿ ಕಾಯಿಸಿಕೊಳ್ಳುತ್ತ ಪೇತ್ರನು ಗುರುವನ್ನು ಅರಿಯೆನೆಂದ. ಕೋಳಿ ಕೂಗುವುದರೊಳಗೆ ಮೂರು ಸಲ ಅಂದ. ಪುನರುತ್ಥಾನದ ನಂತರ ತಿಬೇರಿಯ ಸಮುದ್ರದ ದಡದಲ್ಲಿ ಮತ್ತೆ ಇದ್ದಿಲ ಕೆಂಡ ಕಾಣುತ್ತದೆ. ಈ ಸಲ ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ರಾತ್ರಿಯಿಡೀ ಬಲೆ ಬೀಸಿ ದಣಿದವರಿಗೆ ಯೇಸು ಮೊದಲು ಊಟ ಕೊಟ್ಟರು. ತನ್ನನ್ನು ಪ್ರೀತಿಸುತ್ತೀಯಾ ಎಂದು ಪೇತ್ರನನ್ನು ಮೂರು ಸಲ ಕೇಳಿದ್ದು ಆಮೇಲೆ. ಮೂರು ಸಲವೂ ಕುರಿಗಳನ್ನು ಕಾಯುವ ಹೊಣೆ ವಹಿಸಿದರು. ಹಳೆಯ ಲೆಕ್ಕ ಎತ್ತಿ ಆಡಲಿಲ್ಲ. ತಪ್ಪಿದವನ ಹೊಟ್ಟೆ ತುಂಬಿಸಿ, ಅವನನ್ನು ಮತ್ತೆ ನಂಬಿ ಕೆಲಸ ಕೊಡುವುದೇ ಪೂರ್ಣ ಕ್ಷಮೆ. ಮುರಿದ ಮನೆಗಳಿಗೆ, ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಈಸ್ಟರ್ ತೋರಿಸುವ ದಾರಿ ಇದು.

ಕಾಯುವುದು, ಹೊರಡುವುದು, ಗಾಯ ತೋರುವುದು, ಕ್ಷಮಿಸುವುದು: ಈ ನಾಲ್ಕನ್ನೂ ಹೇಳುವ ಕನ್ನಡ ಪುಸ್ತಕಗಳು ಇಲ್ಲಿನ ಮೇಜುಗಳ ಮೇಲಿವೆ. ಅವು ಓದುಗರ ಕೈಸೇರಲೆಂಬ ಹಾರೈಕೆಯೊಂದಿಗೆ ಈ ಪ್ರದರ್ಶನ ಉದ್ಘಾಟನೆಗೊಂಡಿದೆ.