ಜೀಪಿನ ಜ್ವರ

ಹಳೆಯ ಜೀಪು ಕಾದು ನಿಂತಿತೆಂದರೆ ನಮ್ಮ ಮಲೆನಾಡಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಚಿಕಿತ್ಸೆ ಎರಡೇ: ರೇಡಿಯೇಟರನ್ನು ಬದಲಿಸುವುದು, ಇಲ್ಲವೆ ಥರ್ಮೋಸ್ಟಾಟನ್ನು ಕಿತ್ತೆಸೆಯುವುದು. ಮೊದಲನೆಯದು ದುಬಾರಿ; ಎರಡನೆಯದು ಅವಿವೇಕ. ಜ್ವರವೆಂಬುದು ಸ್ವತಃ ರೋಗವಲ್ಲ, ರೋಗದ ಸೂಚನೆ ಎಂದು ವೈದ್ಯರು ಹೇಳುತ್ತಾರಲ್ಲವೆ? ಎಂಜಿನ್ನಿನ ವಿಷಯದಲ್ಲಿಯೂ ಈ ಮಾತು ಅಕ್ಷರಶಃ ಸತ್ಯ.

ನಮ್ಮ ದೇಶದಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆ ಆರಂಭವಾದುದು 1940ರ ದಶಕದ ಕೊನೆಯ ವರ್ಷಗಳಲ್ಲಿ. ಕಾಫಿ ತೋಟಗಳ ಏರುದಾರಿಗಳಿಗೆ ಅದು ಹೇಳಿಮಾಡಿಸಿದ ವಾಹನ. ಸುಮಾರು 2.2 ಲೀಟರಿನ ನಾಲ್ಕು ಸಿಲಿಂಡರುಗಳ ಆ ಪೆಟ್ರೋಲ್ ಎಂಜಿನ್ನಿನ ಜೀಪುಗಳು ಇಂದಿಗೂ ಅಲ್ಲಲ್ಲಿ ಓಡುತ್ತಿವೆ. ಆದರೆ ಘಟ್ಟದ ಏರಿನಲ್ಲಿ ಅವುಗಳ ಕಷ್ಟವೇ ಬೇರೆ. ವೇಗವಿಲ್ಲದ್ದರಿಂದ ಎದುರುಗಾಳಿಯಿಲ್ಲ, ಎಂಜಿನ್ನಿಗೋ ಪೂರ್ಣ ದುಡಿಮೆ. ಅದಲ್ಲದೆ ಸಮುದ್ರಮಟ್ಟದಿಂದ 1,000 ಮೀಟರ್ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯತೊಡಗುತ್ತದೆ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು ಕುದಿಯುವ ಬಿಂದುವನ್ನು ಮೇಲಕ್ಕೇರಿಸುತ್ತದೆ. ಒಂದೊಂದು ಪೌಂಡು ಒತ್ತಡಕ್ಕೆ ಸುಮಾರು ಒಂದೂವರೆ ಡಿಗ್ರಿ. ಮುಚ್ಚಳದ ರಬ್ಬರು ಸವೆದಿದ್ದರೆ ಆ ಲಾಭವೂ ಹೋಯಿತು. ಅಲ್ಪ ಬೆಲೆಯ ಆ ಮುಚ್ಚಳವನ್ನು ಮೊದಲು ನೋಡುವವರು ವಿರಳ.

ಆದ್ದರಿಂದ ಸ್ಪಾನರ್ ಕೈಗೆತ್ತಿಕೊಳ್ಳುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ಯಾವಾಗ ಕಾಯುತ್ತದೆ? ನಿಂತಲ್ಲಿ ಕಾದು, ಓಡುವಾಗ ತಣಿದರೆ ಗಾಳಿಯ ಕೊರತೆ. ಫ್ಯಾನಿನ ಬೆಲ್ಟನ್ನು ನೋಡಬೇಕು. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಓಡುವಾಗ ಕಾದರೆ ನೀರಿನ ಹರಿವಿಗೆ ಅಡ್ಡಿಯಿದೆ. ರೇಡಿಯೇಟರಿನ ನಳಿಗೆಗಳು ಕಟ್ಟಿರಬಹುದು, ಅಥವಾ ಮುದಿಯಾದ ಕೆಳಗಿನ ಹೋಸ್ ಪೈಪು ಪಂಪಿನ ಸೆಳೆತಕ್ಕೆ ಒಳಕ್ಕೆ ಕುಸಿಯುತ್ತಿರಬಹುದು. ಎಂಜಿನ್ ಸುಡುತ್ತಿದ್ದರೂ ಮೇಲಿನ ಪೈಪು ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆಯೆಂದು ತಿಳಿಯಬೇಕು. ಅದನ್ನು ದಾರದಲ್ಲಿ ಕಟ್ಟಿ ಪಾತ್ರೆಯ ಬಿಸಿನೀರಿಗೆ ಇಳಿಬಿಟ್ಟರೆ ತೆರೆಯುತ್ತದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಕೆಟ್ಟಿದ್ದರೆ ಹೊಸದನ್ನು ಹಾಕಬೇಕೇ ಹೊರತು ತೆಗೆದು ಬರಿದಾಗಿ ಬಿಡಬಾರದು. ಸದಾ ತಣ್ಣಗಿರುವ ಎಂಜಿನ್ನೂ ಬೇಗ ಸವೆಯುತ್ತದೆ. ಇನ್ನು ಹೊರಗೆಲ್ಲಿಯೂ ಸೋರದೆ ನೀರು ಕಡಿಮೆಯಾಗುತ್ತಿದ್ದು, ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯಂತಾಗಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಗುಮಾನಿ ಪಡಬೇಕು.

ಕೆಲವು ವರ್ಷಗಳ ಹಿಂದೆ ಮೂಡಿಗೆರೆಯ ಕಡೆಯ ಒಂದು ತೋಟದ ಜೀಪನ್ನು ನೋಡುವ ಪ್ರಸಂಗ ಬಂದಿತು. ತೋಟ ಕಣಿವೆಯಲ್ಲಿ; ಡಾಂಬರು ರಸ್ತೆಗೆ ಸೇರಲು ಕಡಿದಾದ ಏರು. ಹೆರಿಗೆಯ ನೋವು ತಿನ್ನುತ್ತಿದ್ದ ಕೂಲಿ ಹೆಂಗಸೊಬ್ಬಳನ್ನು ಕರೆದೊಯ್ಯುವಾಗ ಅದು ಅರ್ಧ ದಾರಿಯಲ್ಲಿ ಕುದಿದು ನಿಂತು, ಉಳಿದ ದೂರವನ್ನು ಅವಳನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಸಾಗಿಸಿದ್ದರು. ಅದಕ್ಕೆ ಮೊದಲೇ ರೇಡಿಯೇಟರನ್ನು ಎರಡು ಬಾರಿ ಬದಲಿಸಿಯಾಗಿತ್ತು.

“ಏರಿನಲ್ಲಿ ಮಾತ್ರ ಸಾರ್. ಮೊದಲಿನ ಎಳೆತವೂ ಇಲ್ಲ,” ಎಂದ ಡ್ರೈವರು. ಸ್ವಲ್ಪ ತಡೆದು, “ಆ ರಾತ್ರಿ ಬಾನೆಟ್ ಎತ್ತಿದಾಗ ಎಕ್ಸಾಸ್ಟ್ ಮ್ಯಾನಿಫೋಲ್ಡು ಕೆಂಪಗೆ ಕಾಣುತ್ತಿತ್ತು,” ಎಂದೂ ಸೇರಿಸಿದ.

ಈ ಮಾತನ್ನು ಅವನಿಂದ ಅದುವರೆಗೆ ಯಾರೂ ಕೇಳಿ ತಿಳಿದಿರಲಿಲ್ಲ. ನೀರಿನ ದೋಷವಾಗಿದ್ದರೆ ಎಳೆತ ಮೊದಲಿನಿಂದಲೇ ಏಕೆ ಕುಗ್ಗಬೇಕು? ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನೋಡಿದೆ. ಅರ್ಧ ಮಿಲಿಮೀಟರಿನಷ್ಟಿರಬೇಕಾದ ಪಾಯಿಂಟುಗಳ ಅಂತರ ಅಂಚೆ ಕಾರ್ಡು ತೂರುವಷ್ಟೂ ಇರಲಿಲ್ಲ. ಪಾಯಿಂಟನ್ನು ಎತ್ತುವ ಪುಟ್ಟ ಫೈಬರ್ ಹಿಮ್ಮಡಿ ಸವೆದಂತೆ ಅಂತರ ಕಿರಿದಾಗುತ್ತದೆ. ಅಂತರ ಕಿರಿದಾದಂತೆ ಕಿಡಿ ತಡವಾಗಿ ಹಾರುತ್ತದೆ. ಕಿಡಿ ತಡವಾದರೆ ಉರಿ ಪಿಸ್ಟನ್ನನ್ನು ತಳ್ಳುವ ಕೆಲಸವನ್ನು ಪೂರೈಸುವ ಮೊದಲೇ ಎಕ್ಸಾಸ್ಟ್ ವಾಲ್ವು ತೆರೆದುಕೊಳ್ಳುತ್ತದೆ. ಈ ಎಂಜಿನ್ನಿನಲ್ಲಿ ಆ ವಾಲ್ವುಗಳಿರುವುದು ಹೆಡ್ಡಿನಲ್ಲಲ್ಲ, ಬ್ಲಾಕಿನಲ್ಲಿ. ಶಕ್ತಿಯಾಗಬೇಕಾಗಿದ್ದ ಬೆಂಕಿ ಹೀಗೆ ಬ್ಲಾಕನ್ನೂ ಅದರ ಸುತ್ತಲಿನ ನೀರನ್ನೂ ಕಾಯಿಸುತ್ತದೆ. ಪಾಪ, ರೇಡಿಯೇಟರು ಏನು ಮಾಡೀತು?

ಹೊಸ ಪಾಯಿಂಟು ಹಾಕಿ, ಅಂತರ ಸರಿಪಡಿಸಿ, ಟೈಮಿಂಗನ್ನು ಗುರುತಿಗೆ ಕೂಡಿಸಿದೆವು. ನಾಲ್ಕು ಮೂಟೆ ಗೊಬ್ಬರ ಹೇರಿಕೊಂಡು ಅದೇ ಏರನ್ನು ಹತ್ತಿದೆವು. ಮುಳ್ಳು ತನ್ನ ಜಾಗದಲ್ಲಿಯೇ ನಿಂತಿತ್ತು. ಹೆರಿಗೆಯಾದ ಆ ತಾಯಿ ಮಗುವನ್ನೆತ್ತಿಕೊಂಡು ಲೈನಿನ ಮನೆಯ ಬಾಗಿಲಲ್ಲಿ ನಿಂತಿದ್ದುದನ್ನು ಡ್ರೈವರು ದೂರದಿಂದಲೇ ತೋರಿಸಿದ.

ದಾರಿಯಲ್ಲಿ ಕುದಿದ ಜೀಪಿನ ಬಗ್ಗೆ ಇನ್ನೊಂದು ಮಾತು. ಬಿಸಿಯಿರುವಾಗ ಮುಚ್ಚಳವನ್ನು ತೆರೆಯಲೇಬಾರದು. ಒತ್ತಡ ತಪ್ಪಿದೊಡನೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಹಳ್ಳದ ತಣ್ಣೀರನ್ನು ತಂದು ಕಾದ ಎಂಜಿನ್ನಿಗೆ ಸುರಿದರೆ ಎರಕದ ಕಬ್ಬಿಣ ಬಿರುಕು ಬಿಡಬಹುದು. ರೇಡಿಯೇಟರಿನ ಮೇಲೆ ಅಂಗೈ ಊರುವಷ್ಟು ಆರಿದ ಮೇಲೆ ದಪ್ಪ ಬಟ್ಟೆಯಿಂದ ಮುಚ್ಚಳವನ್ನು ಮೆಲ್ಲಗೆ ತಿರುಗಿಸಿ, ಎಂಜಿನ್ನನ್ನು ನಿಧಾನಗತಿಯಲ್ಲಿ ಓಡಿಸುತ್ತ ಸ್ವಲ್ಪಸ್ವಲ್ಪವೇ ನೀರು ತುಂಬಬೇಕು. ಅದಕ್ಕೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ.